ಹುಳು ಇದ್ದ ದಿನ ಬಂದ ಗೆಳತಿ

ಬೇರೆಯವರ ಮಕ್ಕಳಿಗೆ ಸ್ನೇಹ ಮಾಡುವುದು ಹೇಗೆಂದು ಹೇಳಿಕೊಡುವುದು ನನ್ನ ನೌಕರಿಯ ಒಂದು ಭಾಗ. ದಿಬ್ಬೂರಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಟೀಚರು. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಮಾತ್ರ ವಿಜ್ಞಾನ ಬಿಟ್ಟು ಎಂಟನೇ ತರಗತಿಯ ಮಕ್ಕಳಿಗೆ ಆತ್ಮವಿಶ್ವಾಸ, ಗೆಳೆತನ, ಕೋಪ ತಡೆದುಕೊಳ್ಳುವುದು ಇವನ್ನೆಲ್ಲ ಹೇಳಬೇಕು. ಕೋಪದ ಪಾಠವನ್ನು ಹೋಗಿ ಹೋಗಿ ನನಗೇ ವಹಿಸಿದ್ದು ಸ್ಟಾಫ್ ರೂಮಿನಲ್ಲಿ ಇವತ್ತಿಗೂ ತಮಾಷೆಯ ವಿಷಯ. ಆ ತರಗತಿಗೆಂದು ಬಣ್ಣದ ಪೆನ್ನಿನಲ್ಲಿ ಒಂದು ಚಾರ್ಟು ಬರೆದಿದ್ದೆ, ಒಳ್ಳೆಯ ಗೆಳೆತನದ ಐದು ಗುಣಗಳು ಅಂತ. ಅದರ ಮೂಲೆಯಲ್ಲಿ ಕೈ ಕೈ ಹಿಡಿದು ನಿಂತ ಇಬ್ಬರು ಹುಡುಗಿಯರ ಚಿತ್ರವಿದೆ. ಅದನ್ನು ಬಿಡಿಸಿಕೊಟ್ಟವಳು ನನ್ನ ಮಗಳು.

ನಮ್ಮ ಮನೆ ಜಂಗಮಕೋಟೆಯ ಹತ್ತಿರ. ಯಜಮಾನರು ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾರೆ, ನಾನು ಬಸ್ಸು ಹತ್ತಿ ಶಾಲೆಗೆ ಹೋಗುತ್ತೇನೆ, ಮಗಳು ಶಿಡ್ಲಘಟ್ಟದಲ್ಲಿ ಓದುತ್ತಾಳೆ. ಅವಳಿಗೂ ಆಗ ಎಂಟನೇ ತರಗತಿ. ಅವಳ ಸುತ್ತ ಮೂವರು ಹುಡುಗಿಯರಿದ್ದರು. ದಿನಾ ಸಂಜೆ ಫೋನಿನಲ್ಲಿ ಅವರದ್ದೇ ಮೆಸೇಜು. ನನ್ನ ಮಗಳಿಗೆ ಎಷ್ಟು ಜನ ಗೆಳತಿಯರು ಎಂದು ನಾನು ಬೀಗುತ್ತಿದ್ದೆ. ಅವಳು ರಾತ್ರಿ ಊಟಕ್ಕೆ ಮೊದಲು ಕೂತು ಒಂದೇ ಅಮೀಬಾವನ್ನು ನಾಲ್ಕು ಸಲ ಬಿಡಿಸುತ್ತಿದ್ದಳು, ತನ್ನ ರೆಕಾರ್ಡ್ ಪುಸ್ತಕದಲ್ಲಿ ಒಂದು, ಆ ಮೂವರದರಲ್ಲಿ ಮೂರು. ಅದನ್ನೂ ನೋಡುತ್ತಿದ್ದೆ. ನನ್ನ ತರಗತಿಯ ಹುಡುಗಿ ಹಾಗೆ ಮಾಡಿದ್ದರೆ ಒಂದೇ ವಾರದಲ್ಲಿ ಹಿಡಿದುಬಿಡುತ್ತಿದ್ದೆ. ನನ್ನ ಮಗಳಾದ್ದರಿಂದ ಸಹಾಯ ಮಾಡುವ ಗುಣ ಎಂದುಕೊಂಡೆ.

ಅವಳು ಬಿಡಿಸಿಕೊಡದಿದ್ದರೆ ಆ ಮೂವರೂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅವಳ ಯೂನಿಫಾರ್ಮಿಗೆ ಹುಳು ವಾಸನೆ ಎಂದು ಅವರೇ ಒಮ್ಮೆ ಮೂಗು ಮುಚ್ಚಿಕೊಂಡಿದ್ದರಂತೆ. ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಇನ್ನೊಬ್ಬ ಹುಡುಗಿಯಿಂದಾಗಿ.

ಆ ಇನ್ನೊಬ್ಬಳು ಶಿಡ್ಲಘಟ್ಟದವಳೇ. ಅವರ ಮನೆಯಲ್ಲಿ ಅಜ್ಜನ ಕಾಲದಿಂದ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸ. ಮನೆಯೊಳಗೆ ಉರ್ದು, ಬೀದಿಯಲ್ಲಿ ಕನ್ನಡ, ಚಿಂತಾಮಣಿಯ ಸಂತೆಯವರ ಜೊತೆ ತೆಲುಗು, ಮೂರೂ ಸಲೀಸು. ವರ್ಷದ ಮಧ್ಯೆ ಸೆಕ್ಷನ್ ಬದಲಾಗಿ ಬಂದವಳು ಮಗಳ ಪಕ್ಕ ಕೂತಳು. ನಾಲ್ಕನೇ ದಿನವೇ ಕೇಳಿದಳಂತೆ, "ನೀನ್ಯಾಕೆ ಅವ್ರದ್ದೆಲ್ಲ ಬರೀತೀಯ? ಅವ್ರಿಗೆ ಕೈ ಇಲ್ವಾ?"

ಮುಂದಿನ ವಾರ ಮಗಳು ಮೂವರ ಪುಸ್ತಕವನ್ನೂ ಹಾಗೇ ವಾಪಸ್ ಕೊಟ್ಟಳು. ಅವರು ಮಾತು ಬಿಟ್ಟರು. ಮೆಸೇಜು ನಿಂತಿತು. ನನಗೆ ಆಗ ಆ ಹೊಸ ಹುಡುಗಿಯ ಮೇಲೇ ಸಿಟ್ಟು ಬಂತು ಎಂದು ಒಪ್ಪಿಕೊಳ್ಳಬೇಕು. ಇದ್ದ ಮೂವರನ್ನು ಬಿಡಿಸಿ ತಾನೊಬ್ಬಳು ಉಳಿದಳಲ್ಲ ಎನಿಸಿತು. ಆದರೆ ಮಗಳು ಸಂಜೆ ಹೊತ್ತು ತನಗೆ ಬೇಕಾದದ್ದನ್ನು ಬಿಡಿಸತೊಡಗಿದಳು, ನಮ್ಮ ಎಮ್ಮೆ, ಅಜ್ಜಿಯ ಕೈ, ಬಸ್ಸಿನ ಕಂಡಕ್ಟರನ ಮೂಗು. ಊಟದ ಹೊತ್ತಿನಲ್ಲಿ ಆ ಹುಡುಗಿ ಹೇಳಿದ್ದನ್ನು ಹೇಳಿ ನಗಿಸುತ್ತಿದ್ದಳು. ವಾಸನೆಯ ಮಾತು ಬಂದಾಗ ಆ ಹುಡುಗಿ, "ನಮ್ಮನೆಗೆ ಬಾ, ಗೂಡು ಬೇಯೋ ವಾಸ್ನೆಗೆ ಮೂಗು ಮುಚ್ಕೊಂಡು ಓಡ್ತೀಯ" ಎಂದಳಂತೆ. ಅಷ್ಟು ಗೂಡು ಕಂಡ ಹುಡುಗಿ ಜೀವಂತ ಹುಳುವನ್ನು ಒಮ್ಮೆಯೂ ನೋಡಿರಲಿಲ್ಲ. ನೋಡಬೇಕು ಎಂದು ಮಗಳ ಬೆನ್ನು ಬಿದ್ದಿದ್ದಳು.

ಇಲ್ಲಿ ನಮ್ಮ ಮನೆಯ ಒಂದು ಕಟ್ಟುಪಾಡು ಹೇಳಬೇಕು. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ತಿನ್ನದೆ ತಲೆ ಎತ್ತಿಕೊಂಡು ಅಲುಗಾಡದೆ ಮಲಗಿರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಕೊನೆಯ ಜ್ವರದಲ್ಲಂತೂ ಹೊರಗಿನವರು ಗೇಟು ದಾಟುವಂತಿಲ್ಲ. ಹೂವು, ಅತ್ತರು, ಪೌಡರು, ಊದುಬತ್ತಿ ಯಾವ ವಾಸನೆಯೂ ಕೂಡದು. ಹೊಸಿಲಿಗೆ, ಗೇಟಿಗೆ ಸುಣ್ಣದ ಗೆರೆ ಎಳೆದಿರುತ್ತೇವೆ. ಗೆರೆ ಕಂಡವರು ತಾವೇ ರಸ್ತೆಯಲ್ಲಿ ನಿಂತು ಕೂಗಿ ಮಾತಾಡಿಸಿ ಹೋಗುತ್ತಾರೆ. ನನ್ನ ತಮ್ಮ ಮದುವೆಯ ಕಾಗದ ತಂದಾಗಲೂ ಗೇಟಿನ ಮೇಲಿಟ್ಟು ಹೋಗಿದ್ದ. ಯಾರಿಗೂ ಕಾರಣ ಹೇಳಬೇಕಾದ ಪ್ರಸಂಗವೇ ನಮ್ಮೂರಿನಲ್ಲಿ ಬಂದಿರಲಿಲ್ಲ.

ಆ ಭಾನುವಾರ ಹುಳು ನಾಲ್ಕನೇ ಜ್ವರದಲ್ಲಿತ್ತು. ಮಗಳು ಅಪ್ಪನ ಜೊತೆ ತೋಟಕ್ಕೆ ಹೋಗಿದ್ದಳು. ನಾನು ಸುಣ್ಣ, ಬ್ಲೀಚಿಂಗ್ ಪೌಡರು ಕಲಸಿ ಅಂಗಳಕ್ಕೆ ಎರಚುತ್ತಿದ್ದೆ, ಮೊಣಕೈವರೆಗೆ ಬೆಳ್ಳಗಾಗಿತ್ತು. ಗೇಟಿನ ಹತ್ತಿರ ಒಬ್ಬ ಹುಡುಗಿ ಬಂದು ನಿಂತಳು. ಹೊಸ ಚೂಡಿದಾರ, ತಲೆಗೆ ಜರಿ ಅಂಚಿನ ದುಪಟ್ಟಾ, ಒಳಗಿಂದ ಇಣುಕುವ ಮಲ್ಲಿಗೆ. ಅತ್ತರಿನ ವಾಸನೆ ಅವಳಿಗಿಂತ ಮುಂಚೆ ಬಂದಿತ್ತು. ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ.

ಅವಳು ಮಗಳ ಹೆಸರು ಹೇಳಿ, ಇದಾಳಾ ಆಂಟಿ ಎಂದು ಕೇಳುತ್ತ ಗೇಟಿನ ಚಿಲಕಕ್ಕೆ ಕೈ ಹಾಕಿದಳು.

"ಅಲ್ಲೇ ನಿಂತ್ಕೊ, ಒಳಗೆ ಬರ್ಬೇಡ" ಎಂದೆ. ನನ್ನ ದನಿ ಮಾಮೂಲಿಯಾಗಿಯೇ ಜೋರು. "ಅತ್ತರು ಹಾಕ್ಕೊಂಡು ಬಂದಿದೀಯಲ್ಲಮ್ಮ, ಬಿಡಕ್ಕಾಗಲ್ಲ. ಅವಳೂ ಇಲ್ಲ. ಇನ್ನೊಂದಿನ ನೋಡಣ."

ಅವಳು ಡಬ್ಬಿಯನ್ನು ಗೇಟಿನ ಮೇಲಿಂದ ಚಾಚಿದಳು. "ಅಮ್ಮಿ ಕೊಟ್ಟಿದಾರೆ."

"ಅದನ್ನೂ ತಗೊಂಡ್ಹೋಗು ಕಣಮ್ಮ, ನಾನು ಮುಟ್ಟಂಗಿಲ್ಲ" ಎಂದು ಹೇಳಿ ಬಕೆಟ್ಟಿನ ಕಡೆ ತಿರುಗಿದೆ. ಎರಡನೇ ಸಲ ನೋಡಿದಾಗ ಅವಳು ಇರಲಿಲ್ಲ. ಸದ್ಯ ಹುಳುವಿಗೆ ಏನೂ ಆಗಲಿಲ್ಲ ಎಂದುಕೊಂಡು ಮಿಕ್ಕ ಅಂಗಳಕ್ಕೆ ಸುಣ್ಣ ಎರಚಿದೆ. ಮಗಳು ಬಂದಾಗ ಹೇಳುವುದನ್ನೂ ಮರೆತೆ.

ಸೋಮವಾರ ಸಂಜೆ ಮಗಳು ಬಂದವಳು ಬ್ಯಾಗು ಇಟ್ಟು ಗೋಡೆ ನೋಡುತ್ತ ಕೂತಳು. ಏನಾಯಿತು ಎಂದರೆ ಏನಿಲ್ಲ. ನಾನು ಬಾಯಿ ಬಿಟ್ಟರೆ ನಿಲ್ಲುವವಳಲ್ಲ. ಮನಸ್ಸಿನಲ್ಲಿಟ್ಟುಕೊಳ್ಳಬಾರದು, ಹಂಚಿಕೊಳ್ಳಬೇಕು, ಆತ್ಮವಿಶ್ವಾಸ ಅಂದರೆ ಇದು, ಎಂದು ಶನಿವಾರದ ಪಾಠವನ್ನೆಲ್ಲ ಒಪ್ಪಿಸಿದೆ. ಒಳಗಿಂದ ಅತ್ತೆ ಹೇಳಿದರು, "ಜ್ವರದಲ್ಲಿರೋ ಹುಳೂಗೆ ಸೊಪ್ಪು ಹಾಕ್ತೀಯೇನಮ್ಮ? ಹುಡುಗೀನ ಸ್ವಲ್ಪ ಸುಮ್ನೆ ಬಿಡು." ನನಗೆ ಅತ್ತೆಯ ಮೇಲೂ ಸಿಟ್ಟು ಬಂತು, ಆದರೂ ಬಾಯಿ ಮುಚ್ಚಿದೆ.

ಬುಧವಾರ ಸಂಜೆ ಮೇಜಿನ ಮೇಲೆ ನಾಲ್ಕು ರೆಕಾರ್ಡ್ ಪುಸ್ತಕ ತೆರೆದಿದ್ದವು. ಮಗಳು ತಲೆ ಬಗ್ಗಿಸಿ ಈರುಳ್ಳಿ ಪೊರೆಯ ಜೀವಕೋಶ ಬಿಡಿಸುತ್ತಿದ್ದಳು, ಮೂರನೆಯ ಸಲ. ಅದನ್ನು ನೋಡಿದಾಗ ಮಾತ್ರ ನನಗೆ ನಿಜವಾಗಿ ಭಯವಾಯಿತು.

"ಇದ್ಯಾಕೆ ಮತ್ತೆ ಶುರುವಾಯ್ತು?" ಎಂದೆ.

"ಕೂರಕ್ಕೆ ಜಾಗ ಬೇಕಲ್ಲಮ್ಮ" ಎಂದಳು, ಪೆನ್ಸಿಲ್ ನಿಲ್ಲಿಸದೆ. "ಅವಳು ಬೇರೆ ಬೆಂಚಿಗೆ ಹೋದ್ಲು. ನಿಮ್ಮಮ್ಮ ನಮ್ಮಂಥೋರನ್ನ ಗೇಟೊಳಗೆ ಬಿಡಲ್ಲ, ನಮ್ಮನೆ ತಿಂಡಿ ಮುಟ್ಟಲ್ಲ, ಮೊದ್ಲೇ ಹೇಳ್ಬಾರದಿತ್ತಾ ಅಂದ್ಲು. ಅವ್ಳ ಚಿಕ್ಕಪ್ಪ ಬೈಕಲ್ಲಿ ಬಿಟ್ಟು ಹೋಗಿದ್ರಂತೆ. ಅವ್ರು ಬರೋವರೆಗೂ ಒಂದು ಗಂಟೆ ಬಸ್ ಸ್ಟಾಪಲ್ಲಿ ಒಬ್ಳೇ ಕೂತಿದ್ಲಂತೆ."

ನನಗೆ ಮೊದಲು ಬಂದದ್ದು ವಾದವೇ. ಹುಳು ಇದ್ದಾಗ ಯಾರನ್ನೂ ಬಿಡುವುದಿಲ್ಲ, ಸ್ವಂತ ತಮ್ಮನನ್ನೇ ಬಿಟ್ಟಿಲ್ಲ, ಕೈಗೆಲ್ಲ ಸುಣ್ಣವಾಗಿತ್ತು, ಇದರಲ್ಲಿ ಜಾತಿ ಧರ್ಮ ಎಲ್ಲಿಂದ ಬಂತು ಎಂದು ಹಾರಾಡಿದೆ. ಮಗಳು ಕೇಳಿಸಿಕೊಂಡು, "ಅವಳಿಗೆ ಹೇಗಮ್ಮ ಗೊತ್ತಾಗ್ಬೇಕು? ನೀನು ಹುಳು ಅನ್ನೋ ಮಾತೇ ಆಡಿಲ್ವಂತೆ" ಎಂದಳು.

ನಾನು ಆಡಿದ್ದನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ. ಒಳಗೆ ಬರಬೇಡ. ಅತ್ತರು. ಮುಟ್ಟಂಗಿಲ್ಲ. ಹದಿಮೂರು ವರ್ಷದ ಆ ಹುಡುಗಿಯ ಕಿವಿಯಿಂದ ಕೇಳಿದಾಗ ಅವು ಬೇರೆಯೇ ಮಾತುಗಳಾಗಿದ್ದವು. ಮಗಳು ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದಳು. "ನಂದೂ ತಪ್ಪಿದೆ. ಹುಳು ಜ್ವರದಲ್ಲಿದೆ ಅಂತ ಗೊತ್ತಿದ್ರೂ ಬಾ ಅಂದುಬಿಟ್ಟೆ. ಬೇಡ ಅಂದ್ರೆ ಅವಳೂ ಬಿಟ್ಟುಹೋಗ್ತಾಳೆ ಅನ್ಕೊಂಡೆ. ಕಿಟಕಿಯಿಂದ ತೋರಿಸಿ ಕಳಿಸಣ ಅಂತಿದ್ದೆ, ಅವಳು ಬೇಗ ಬಂದುಬಿಟ್ಲು."

ಬೇಡ ಎನ್ನಲು ಬಾರದ ಮಗಳು, ಬೇಡ ಎನ್ನುವುದನ್ನು ಬಿಟ್ಟು ಬೇರೇನೂ ಹೇಳಲು ಬಾರದ ತಾಯಿ. ನಮ್ಮಿಬ್ಬರ ಮಧ್ಯೆ ಸಿಕ್ಕಿ ಆ ಹುಡುಗಿ ರಸ್ತೆಯಲ್ಲಿ ಕೂತಿದ್ದಳು.

ಶನಿವಾರ ನನ್ನ ತರಗತಿಯಲ್ಲಿ ಚಾರ್ಟಿನ ಮುಂದೆ ನಿಂತೆ. ನಾಲ್ಕನೆಯ ಗುಣ, ತಪ್ಪಾದರೆ ಕ್ಷಮೆ ಕೇಳುವುದು. ಕೋಲನ್ನು ಅದರ ಮೇಲಿಟ್ಟೆ, ಹಾಗೇ ಕೆಳಗಿಳಿಸಿದೆ. ಮಕ್ಕಳಿಗೆ ಹಾಡು ಹಾಡಿಕೊಳ್ಳಲು ಹೇಳಿ ಕೂತೆ. ಅರ್ಧ ದಿನದ ಶಾಲೆ ಮುಗಿಸಿ, ಆ ಹುಡುಗಿಯ ಮನೆಗೆ ಹೋಗಲೆಂದು ಶಿಡ್ಲಘಟ್ಟದಲ್ಲಿ ಇಳಿದಾಗ ಮಗಳು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಳು. "ಬರ್ತೀನಿ. ಆದ್ರೆ ಅಲ್ಲಿ ಟೀಚರ್ ಥರ ಮಾತಾಡ್ಬೇಡ" ಎಂದು ಷರತ್ತು ಹಾಕಿದಳು.

ಮದುವೆಯಾಗಿ ಇಷ್ಟು ವರ್ಷವಾದರೂ ನಾನು ನೂಲು ಬಿಚ್ಚುವ ಮನೆಯೊಳಗೆ ಕಾಲಿಟ್ಟಿರಲಿಲ್ಲ. ನಾವು ಸಾಕಿ ಕಳಿಸಿದ ಗೂಡು ಮಾರುಕಟ್ಟೆ ದಾಟಿದ ಮೇಲೆ ಏನಾಗುತ್ತದೆಂದು ನೋಡುವ ಮನಸ್ಸೂ ಮಾಡಿರಲಿಲ್ಲ. ಮುಂದಿನ ಕೋಣೆಯಲ್ಲಿ ಹಬೆ ತುಂಬಿತ್ತು. ಬೆಂದ ಗೂಡಿನ ವಾಸನೆ ಗಂಟಲಿಗೇ ಇಳಿಯಿತು. ಹುಡುಗಿಯ ತಾಯಿ ಬಿಸಿನೀರಿನ ತೊಟ್ಟಿಯ ಮುಂದೆ ನಿಂತಿದ್ದರು. ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿತ್ತು. ನಾನು ಯಾರೆಂದು ಹೇಳಿದೆ. ಅವರು ಕೈ ಒರೆಸಿಕೊಂಡು ಒಳಗೆ ಕರೆದು ಚಾಪೆ ಹಾಸಿದರು. ಹುಡುಗಿ ಬಾಗಿಲ ಪಕ್ಕ ಬಂದು ನಿಂತಳು, ನಮ್ಮ ಕಡೆ ನೋಡಲಿಲ್ಲ.

ನಾನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದ ಭಾಷಣ ಶುರು ಮಾಡಿದೆ. ಎರಡು ವಾಕ್ಯ ಆಗುವಷ್ಟರಲ್ಲಿ ಮಗಳು ನನ್ನ ಮೊಣಕೈ ಮುಟ್ಟಿ ತಾನೇ ಮಾತಾಡಿದಳು.

"ಹುಳು ಜ್ವರದಲ್ಲಿತ್ತು ಕಣೇ. ಆಗ ಯಾರೂ ಬರಂಗಿಲ್ಲ. ನಂಗೆ ಗೊತ್ತಿತ್ತು, ಆದ್ರೂ ಬಾ ಅಂದೆ. ನೀನು ಬೇಜಾರು ಮಾಡ್ಕೊಂಡು ಹೋಗ್ಬಿಡ್ತೀಯ ಅಂತ ಭಯ ಆಯ್ತು."

ಹುಡುಗಿ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ನೇರವಾಗಿ ನನ್ನನ್ನು ಕೇಳಿದಳು, "ಡಬ್ಬಿ ಯಾಕೆ ತಗೊಳ್ಳಿಲ್ಲ ಆಂಟಿ?"

"ಕೈಯೆಲ್ಲ ಸುಣ್ಣ, ಬ್ಲೀಚಿಂಗ್ ಪೌಡರು ಆಗಿತ್ತಮ್ಮ. ತಿನ್ನೋ ಡಬ್ಬಿ ಮುಟ್ಟಬಾರದು ಅಂತ ಬೇಡ ಅಂದೆ. ನಮ್ಮೂರಲ್ಲಿ ಎಲ್ರಿಗೂ ಗೊತ್ತಿರುತ್ತೆ ಅಂತ ನಿಂಗೆ ಹೇಳ್ಲೇ ಇಲ್ಲ. ನಿನ್ನ ರಸ್ತೇಲಿ ಕೂರಿಸಿದೆ. ತಪ್ಪಾಯ್ತು" ಎಂದೆ. ನನ್ನ ಮಗಳ ವಯಸ್ಸಿನವರೆದುರು ನಾನು ಆ ಮಾತು ಆಡಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು, ಹಬೆಯಿಂದ ಎಂದು ಸುಳ್ಳು ಹೇಳುವುದಿಲ್ಲ.

ಅವಳ ತಾಯಿ ನಮ್ಮನ್ನು ಸುಮ್ಮನೆ ಬಿಡಲಿಲ್ಲ, ಅದಕ್ಕೂ ನಾನು ಋಣಿ. "ಹುಳು ವಿಷ್ಯ ನಮಗೂ ಗೊತ್ತು ಟೀಚರ್, ಕೇಳಿದ್ರೆ ಅದೇ ಹೇಳ್ತಿದ್ದೆ. ಇವಳು ಡಬ್ಬಿ ತಂದು ಅಡುಗೆ ಮನೇಲಿ ಇಟ್ಟು ಸುಮ್ನಾಗ್ಬಿಟ್ಲು, ನಿನ್ನೆವರೆಗೂ ನಂಗೂ ಹೇಳಿಲ್ಲ. ಒಂದು ಲೋಟ ನೀರು ಕೊಟ್ಟು ಆಚೆನೇ ಕೂರಿಸಿದ್ರೂ ಸಾಕಾಗಿತ್ತು" ಎಂದರು. ಹೌದು ಎಂದೆ. ಅವರು ಎದ್ದು ಹೋಗಿ ಮೂರು ಲೋಟ ಚಹಾ ತಂದರು. ಒಂದನ್ನು ಮಗಳ ಕೈಗೆ ಕೊಡಿಸಿದ್ದು ಆ ಹುಡುಗಿಯ ಕೈಯಿಂದ. ಇಬ್ಬರೂ ಒಂದೇ ಚಾಪೆಯ ಎರಡು ತುದಿಯಲ್ಲಿ ಕೂತು ಚಹಾ ಕುಡಿದರು. ಹೊರಡುವಾಗ ಮಗಳು ನೋಟ್‌ಬುಕ್ಕಿನ ಹಾಳೆ ಹರಿದು ಏನೋ ಬರೆದುಕೊಟ್ಟಳು. ಏನದು ಎಂದು ಬಸ್ಸಿನಲ್ಲಿ ಕೇಳಿದೆ. "ಮುಂದಿನ ಸಲ ಹುಳು ಯಾವಾಗ ಜ್ವರದಿಂದ ಎದ್ದಿರುತ್ತೆ ಅಂತ ದಿನ ಹಾಕಿದೀನಿ. ಏನೇನು ಹಾಕ್ಕೊಂಡು ಬರ್ಬಾರ್ದು ಅಂತಾನೂ. ಮೊದ್ಲೇ ಕೊಡ್ಬೇಕಿತ್ತು" ಎಂದಳು.

ಬೆಂಚು ಒಂದೇ ಸಲಕ್ಕೆ ಬದಲಾಗಲಿಲ್ಲ. ಹತ್ತು ಹನ್ನೆರಡು ದಿನ ಮಗಳು ಒಬ್ಬಳೇ ಕೂತು ಊಟ ಮಾಡಿದಳು. ಆ ಮೂವರು ಮತ್ತೆ ಪುಸ್ತಕ ತಂದಾಗ, "ಬಿಡಿಸಿಕೊಡಲ್ಲ, ಬಿಡಿಸೋದು ಹೇಳ್ಕೊಡ್ತೀನಿ" ಎಂದಳಂತೆ. ಇಬ್ಬರು ಮುಖ ತಿರುಗಿಸಿದರು. ಒಬ್ಬಳು ಪೆನ್ಸಿಲ್ ಹಿಡಿದು ಬಂದು ಕೂತಳು. ನಾನು ಈ ಸಲ ಯಾವ ಪಾಠವನ್ನೂ ಹೇಳಲಿಲ್ಲ. ಕಷ್ಟವೇ ಆಯಿತು, ಅತ್ತೆ ನನ್ನ ಬಾಯಿಯ ಮೇಲೆ ಒಂದು ಕಣ್ಣಿಟ್ಟಿದ್ದರು.

ಮುಂದಿನ ಸಲದ ಹುಳು ಬಂತು. ಕೊನೆಯ ಜ್ವರ ಎದ್ದು ಹುಳು ಗಬಗಬ ಸೊಪ್ಪು ತಿನ್ನುವ ದಿನಗಳು. ಆ ಭಾನುವಾರ ನಾನು ಚಿಂತಾಮಣಿಗೆ ನಾಮಕರಣಕ್ಕೆ ಹೋಗಿದ್ದೆ. ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ, ಅಲ್ಲಿ ಯಾರೋ ಮೈಮೇಲೆಲ್ಲ ಪನ್ನೀರು ಬೇರೆ ಚಿಮುಕಿಸಿದ್ದರು. ಮಧ್ಯಾಹ್ನ ಬಸ್ಸಿಳಿದು ಮನೆಗೆ ಬಂದರೆ ಗೇಟಿನ ಹೊರಗೆ, ಸುಣ್ಣದ ಗೆರೆಯ ಆಚೆ, ಪರಿಚಯವಿಲ್ಲದ ಒಂದು ಜೊತೆ ಚಪ್ಪಲಿ. ಆ ಹುಡುಗಿ ಬಂದಿದ್ದಾಳೆ ಎಂಬ ಖುಷಿಯಲ್ಲಿ ನನ್ನ ಮೈಮೇಲಿನ ವಾಸನೆಯೇ ಮರೆತುಹೋಯಿತು. ಚಿಲಕಕ್ಕೆ ಕೈ ಹಾಕಿದೆ.

"ಅಮ್ಮ, ಅಲ್ಲೇ ನಿಂತ್ಕೊ."

ಹುಳು ಮನೆಯ ಬಾಗಿಲಲ್ಲಿ ಮಗಳು. ಹಳೆಯ ಲಂಗ, ತಲೆಗೆ ಬಟ್ಟೆ. ಅವಳ ಹಿಂದೆ ಆ ಹುಡುಗಿ, ನಮ್ಮ ಮಗಳದೇ ಹಳೆಯ ಚೂಡಿದಾರ ತೊಟ್ಟು, ತಲೆಗೆ ಹತ್ತಿಯ ಬಟ್ಟೆ ಬಿಗಿಯಾಗಿ ಕಟ್ಟಿಕೊಂಡು, ಕೈಯಲ್ಲೊಂದು ಸೊಪ್ಪಿನ ರೆಂಬೆ ಹಿಡಿದು ನಿಂತಿದ್ದಳು.

"ಹೂ ಮುಡಿದಿದೀಯ, ಪನ್ನೀರು ವಾಸ್ನೆ ಇಲ್ಲಿಗೇ ಬರ್ತಿದೆ" ಎಂದಳು ಮಗಳು. ದನಿ ಜೋರಿರಲಿಲ್ಲ, ಅಳುಕೂ ಇರಲಿಲ್ಲ. "ಹುಳು ಈಗ ತಾನೇ ಸೊಪ್ಪು ಹಿಡ್ದಿದೆ, ವಾಸ್ನೆ ಬಿದ್ರೆ ತಿನ್ನೋದು ಬಿಡುತ್ತೆ. ಹೂ ಆಚೆನೇ ಇಡು. ಹಿತ್ತಲಿಂದ ಹೋಗಿ ಸ್ನಾನ ಮಾಡ್ಕೊಂಡು ಬಾ. ನೀನು ಬರೋವರೆಗೂ ಹುಳು ಗೂಡು ಕಟ್ಟೋ ವಿಷ್ಯ ಇವಳಿಗೆ ಹೇಳಲ್ಲ, ಕಾಯ್ತಿರ್ತೀವಿ."

ನನ್ನನ್ನು ನನ್ನ ಮನೆಯ ಗೇಟಿನಲ್ಲೇ ನಿಲ್ಲಿಸಿದ್ದಳು. ಬೇಡ ಎಂದಿದ್ದಳು, ಯಾಕೆಂದೂ ಹೇಳಿದ್ದಳು, ಕಾಯುತ್ತೇನೆಂದೂ ಹೇಳಿದ್ದಳು. ಇಷ್ಟು ವರ್ಷ ಪಾಠ ಮಾಡಿದ ನಾನು, ಆ ಹುಡುಗಿ ಮೊದಲ ಸಲ ಬಂದ ದಿನ, ಈ ಮೂರರಲ್ಲಿ ಒಂದನ್ನು ಮಾತ್ರ ಮಾಡಿದ್ದೆ. ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಮಲ್ಲಿಗೆ ಬಿಚ್ಚತೊಡಗಿದೆ.

ಆ ಹುಡುಗಿ ರೆಂಬೆಯನ್ನು ಮಗಳ ಕೈಗೆ ಕೊಟ್ಟು ಒಳಗೆ ಹೋದಳು. ಅತ್ತೆಯನ್ನು ಕೇಳಿ ಒಂದು ಲೋಟ ನೀರು ತಂದು, ಗೆರೆ ತುಳಿಯದೆ, ಗೇಟಿನ ಮೇಲಿಂದ ನನ್ನ ಕಡೆ ಚಾಚಿದಳು. ಇನ್ನೊಂದು ಕೈಯಲ್ಲಿ ಅದೇ ಸ್ಟೀಲಿನ ಡಬ್ಬಿ ಇತ್ತು.

"ಅಮ್ಮಿ ಕೊಟ್ಟಿದಾರೆ ಆಂಟಿ" ಎಂದಳು.

ನಾನು ನೀರನ್ನು ಕುಡಿಯದೆ ಪಕ್ಕಕ್ಕಿಟ್ಟು, ಎರಡೂ ಕೈ ಚಾಚಿ ಡಬ್ಬಿಯನ್ನು ತೆಗೆದುಕೊಂಡೆ.